ಬೆನ್ನುಮೂಳೆ ಫ್ಯೂಷನ್ ಆಪರೇಷನ್ ಆಗಿ ಐದು ವಾರ. ಅಡುಗೆ, ಬಸ್ಸು, ಸ್ಕೂಲು ಯಾವಾಗ ಶುರು ಮಾಡ್ಲಿ?

ಬಸವನಗುಡಿ ಟೀಚರ್ · ನವೆಂಬರ್ 19, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ, ಪ್ರೈಮರಿ ಸ್ಕೂಲ್ ಟೀಚರ್. ಸೊಂಟದ ಹತ್ರ ಎಲ್-4 ಮೂಳೆ ಎಲ್-5ರ ಮೇಲೆ ಮುಂದಕ್ಕೆ ಜಾರಿ, ಎಡಗಾಲಿಗೆ ಹೋಗೋ ನರ ಒತ್ತಿಕೊಂಡಿತ್ತು. ಅಕ್ಟೋಬರ್ 15ಕ್ಕೆ ಫ್ಯೂಷನ್, ಅಂದ್ರೆ ಆ ಎರಡು ಮೂಳೆ ಒಂದಾಗಿ ಬೆಸೆಯೋ ಆಪರೇಷನ್, ಆಯ್ತು. ನಾಲ್ಕು ಸ್ಕ್ರೂ, ಎರಡು ರಾಡು, ಮೂಳೆಗಳ ಮಧ್ಯದ ಮೆತ್ತೆ (ಡಿಸ್ಕ್) ತೆಗೆದ ಜಾಗದಲ್ಲಿ ಸಣ್ಣ ಪೆಟ್ಟಿಗೆ ಥರದ ಒಂದು ಕೇಜು.

ಮೊದಲು ಗಾಂಧಿಬಜಾರ್‌ನಿಂದ ಮನೆಗೆ ಬರೋಷ್ಟರಲ್ಲಿ ಮೂರು ಕಡೆ ಜಗಲಿ ಹುಡುಕಿ ಕೂತ್ಕೊಳ್ತಿದ್ದೆ. ಈಗ ಆ ಕಾಲುನೋವು ಮುಕ್ಕಾಲು ಪಾಲು ಹೋಗಿದೆ. ದೇವರಿಗೂ ಡಾಕ್ಟರಿಗೂ ಕೈ ಮುಗೀತೀನಿ. ಡಿಸ್ಚಾರ್ಜ್ ಹಾಳೆಯಲ್ಲಿ ಮಾತ್ರ ನಾಲ್ಕೇ ಮಾತು: ಬಗ್ಗಬೇಡಿ, ತಿರುಚಬೇಡಿ, ಭಾರ ಎತ್ತಬೇಡಿ, ನಡೆಯಿರಿ. ಬೆಳಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗೆ ನಮ್ಮನೇಲಿ ಬಗ್ಗದೆ, ತಿರುಗದೆ, ಎತ್ತದೆ ಆಗೋ ಕೆಲಸ ಯಾವುದಿದೆ ಹೇಳಿ.

ಇವತ್ತು ಮಧ್ಯಾಹ್ನ ಒಗ್ಗರಣೆ ಸೌಟು ಕೈಜಾರಿ ಬಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಸಿಲಿಂಡರ್ ಪಕ್ಕ, ನನ್ನ ಕಾಲಿಂದ ಒಂದು ಗೇಣು ದೂರದಲ್ಲಿ ಬಿದ್ದಿತ್ತು. ಒಲೆ ಆರಿಸಿ ಅದನ್ನೇ ನೋಡ್ತಾ ನಿಂತೆ. ಬಗ್ಗಿದ್ರೆ ಏನಾಗ್ಬಿಡುತ್ತೋ ಅನ್ನೋ ಭಯ. ಕಣ್ಣಲ್ಲಿ ನೀರು ಬಂದುಬಿಡ್ತು. ಮಗ ಕಾಲೇಜಿಂದ ಬಂದು ಎತ್ತಿಕೊಡೋವರೆಗೂ ಸೌಟು ಅಲ್ಲೇ ಇತ್ತು.

ಅಡುಗೆ ಎಷ್ಟರ ಮಟ್ಟಿಗೆ ಮಾಡಬಹುದು? ತಲೆಗೆ ಸ್ನಾನ? ಬಿಎಂಟಿಸಿ ಬಸ್ಸು? ಸ್ಕೂಲಿಗೆ ಯಾವಾಗ ಹೋಗಬಹುದು? ಮುಂದಿನ ಸೋಮವಾರ ನಮ್ಮ ಬೀದಿಯಲ್ಲೇ ಕಡಲೆಕಾಯಿ ಪರಿಷೆ, ಅರ್ಧ ಗಂಟೆ ಹೋಗಿ ಬರ್ಲಾ? ಇದೇ ಆಪರೇಷನ್ ಆದವರು ದಯವಿಟ್ಟು ಅನುಭವ ಹೇಳಿ.

ವಿಜಯನಗರ ಕಂಟ್ರಾಕ್ಟರ್ · ನವೆಂಬರ್ 19, ರಾತ್ರಿ 10:25

ಮೇಡಂ, ನನಗೆ ಇದೇ ಎಲ್-4 ಎಲ್-5 ಫ್ಯೂಷನ್ ಆಗಿ ಮೂರು ವರ್ಷ. ಮನೆ ಕಟ್ಟಿಸೋದು ನನ್ನ ಕೆಲಸ, ಅದರ ಲೆಕ್ಕದಲ್ಲೇ ಹೇಳ್ತೀನಿ.

ಆರ್‌ಸಿಸಿ ಮೋಲ್ಡ್ ಹಾಕಿದ ಮಾರನೇ ದಿನ ಮೇಲೆ ನಿಂತು ನೋಡಿದ್ರೆ ಗಟ್ಟಿಯಾಗೇ ಕಾಣುತ್ತೆ. ಹಾಗಂತ ಸೆಂಟ್ರಿಂಗ್, ಅಂದ್ರೆ ಕೆಳಗೆ ಆನಿಸಿರೋ ಹಲಗೆ ಕಂಬ, ಬಿಚ್ಚಿ ಮೇಲೆ ಇಟ್ಟಿಗೆ ಪೇರಿಸ್ತೀವಾ? ನಿಮ್ಮ ಬೆನ್ನಲ್ಲಿರೋ ರಾಡು, ಸ್ಕ್ರೂ ಎಲ್ಲ ಸೆಂಟ್ರಿಂಗ್ ಇದ್ದಂಗೆ. ಅಲ್ಲಾಡದಂಗೆ ಹಿಡ್ಕೊಂಡಿರೋದಷ್ಟೇ ಅವುಗಳ ಕೆಲಸ. ನಿಜವಾಗಿ ಎರಡು ಮೂಳೆ ಒಂದಾಗಿಸೋದು ಮಧ್ಯೆ ತುಂಬಿದ ಮೂಳೆಚೂರು. ಅದು ಕೂಡಿಕೊಳ್ಳೋಕೆ ತಿಂಗಳುಗಳೇ ಬೇಕು. ಮೂರರಿಂದ ಆರು ತಿಂಗಳಲ್ಲಿ ಹಿಡಿತ ಬರುತ್ತೆ, ಪೂರ್ತಿ ಬೆಸೆಯೋಕೆ ವರ್ಷವೂ ಆಗಬಹುದು ಅಂತ ನಮ್ಮ ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದ್ರು. ಅಷ್ಟರಲ್ಲಿ ಮೂಳೆ ಕೂಡಿಕೊಳ್ಳದಿದ್ರೆ, ದಿನಾ ಅಲ್ಲಾಡಿ ಅಲ್ಲಾಡಿ ಸ್ಕ್ರೂ ಸಡಿಲಾಗಬಹುದು.

ಮೋಸ ಮಾಡೋದು ಎಲ್ಲಿ ಅಂದ್ರೆ, ನರದ ಒತ್ತಡ ಹೋಗಿ ನೋವು ಕಡಿಮೆ ಆಗೋದು ಬೇಗ, ಮೂಳೆ ಕೂಡಿಕೊಳ್ಳೋದು ನಿಧಾನ. ನೋವಿಲ್ಲ ಅಂದ್ಕೊಂಡು ಆರು, ಏಳನೇ ವಾರಕ್ಕೆ ಜನ ಕೈ ಹಾಕಬಾರದ ಕೆಲಸಕ್ಕೆ ಕೈ ಹಾಕ್ತಾರೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೀತಿರೋದು ಅದಕ್ಕೇ. ಈಗ ಐದನೇ ವಾರ ಅಂದ್ರಿ.

ಪರಿಷೆಗೆ ಈ ವರ್ಷ ಬೇಡ. ನೂಕುನುಗ್ಗಲಲ್ಲಿ ಹಿಂದಿನಿಂದ ಯಾರಾದ್ರೂ ತಳ್ಳಿದ್ರೆ ನೀವು ಎಷ್ಟು ಹುಷಾರಾಗಿದ್ರೂ ಪ್ರಯೋಜನ ಇಲ್ಲ. ಮಗನ ಕೈಲಿ ಒಂದು ಸೇರು ಹಸಿ ಕಡಲೆಕಾಯಿ ತರಿಸಿ ಮನೇಲೇ ತಿನ್ನಿ.

ಹುಬ್ಬಳ್ಳಿ ಟು ರಾಜಾಜಿನಗರ · ನವೆಂಬರ್ 20, ಬೆಳಗ್ಗೆ 6:50

ಕಂಟ್ರಾಕ್ಟರ್ ಸರ್ ಹೇಳಿದ್ದು ನೂರಕ್ಕ ನೂರು ಖರೇ ಐತ್ರಿ. ಆ ಏಳನೇ ವಾರದ ತಪ್ಪು ಮಾಡಿದಾವ ನಾನ ಅದೇನಿ.

ನನ್ನದು ಅದರ ಕೆಳಗಿನ ಜೋಡಿ, ಎಲ್-5 ಎಸ್-1. ಏಳನೇ ವಾರಕ್ಕ ಆರಾಮ ಇದ್ದೆ. ನೀರಿನ ಕ್ಯಾನಿನಾಂವ 20 ಲೀಟರಿಂದು ಬಾಗಿಲದಾಗ ಇಟ್ಟು ಹೋಗಿದ್ದ. ಹೆಂಡ್ತಿ ಡ್ಯೂಟಿಗೆ ಹೋಗಿದ್ಲು. ಒಂದ ಸಲ ಅಲ್ಲೇನು ಅಂತ ಎತ್ತಿ ಮಗುಚಿದೆ. ಆ ಹೊತ್ತಿಗೆ ಏನೂ ಆಗಲಿಲ್ಲ. ಅದಕ್ಕ ಮುಂದ ವಾರಕ್ಕೆರಡು ಸಲ ಎತ್ತಿದೆ. ಬಿಟ್ಟಿದ್ದ ಸಿಗರೇಟು ಮತ್ತ ಚಾಲೂ ಮಾಡಿದ್ದೆ, ಅದನ್ನೂ ಮುಚ್ಚಿಡಂಗಿಲ್ಲ. ನಾಲ್ಕನೇ ತಿಂಗಳಿಗೆ ಕೂತರ ನೋವು, ನಿಂತರ ನೋವು. ಸಿಟಿ ಸ್ಕ್ಯಾನ್ ಮಾಡಿಸಿದ್ರ ಕೆಳಗಿನ ಸ್ಕ್ರೂ ಸುತ್ತ ಕಪ್ಪು ಗೆರಿ. ಸಡಿಲ ಆಗೇತಿ, ಮೂಳೆ ಕೂಡಿಲ್ಲ ಅಂದ್ರು. ಎರಡನೇ ಆಪರೇಷನ್ ಆತು. ಈ ಸಲ ಸೊಂಟದ ಬದಿಯಿಂದ ಮೂಳಿ ತಗದು ತುಂಬಿದ್ರು. ಆ ಬದಿ ನೋವು ತಿಂಗಳಗಟ್ಟಲೆ ಕಾಡಿತು. ರಜಾ ಮುಗದು ಎಂಟು ತಿಂಗಳು ಪಗಾರ ಇಲ್ಲದ ಕೂತೆ.

ಕ್ಯಾನ್‌ನಿಂದನ ಆತು ಅಂತ ಡಾಕ್ಟರು ಹೇಳಲಿಲ್ಲ. ಸಿಗರೇಟಿಂದಲೂ ಆಗಿರಬಹುದು, ಎರಡೂ ಕೂಡಿ ಆಗಿರಬಹುದು. ನಿಕೋಟಿನ್ ಇದ್ರ ಮೂಳಿ ಕೂಡೂದು ಹಿಂದ ಬೀಳತೈತಿ ಅಂತ ಮೊದಲ ಹೇಳಿದ್ರು, ನಾನು ಕಿವಿಗೆ ಹಾಕ್ಕೊಳಲಿಲ್ಲ. ಬೀಡಿ, ಗುಟ್ಕಾ, ಹೊಗೆಸೊಪ್ಪು ಎಲ್ಲಾದ್ರಾಗೂ ಅದ ಐತಿ. ಇದನ್ನ ಓದಾಕತ್ತ ಅಣ್ಣತಮ್ಮಂದಿರು ದಯವಿಟ್ಟು ಬಿಡ್ರಿ.

ಅಕ್ಕಾರ, ಸೌಟು ನೆಲದ ಮ್ಯಾಲೆ ಬಿಟ್ರಲ್ಲ, ಭಾಳ ಚಲೋ ಮಾಡಿದ್ರಿ.

ಜಯನಗರ ಫಿಸಿಯೋ · ನವೆಂಬರ್ 20, ಮಧ್ಯಾಹ್ನ 2:10

ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಎಕ್ಸ್‌ರೇ ನೋಡಿಲ್ಲ, ಆದ್ದರಿಂದ ಸಾಮಾನ್ಯವಾಗಿ ಹೇಳೋದನ್ನ ಹೇಳ್ತೀನಿ. ನಿಮ್ಮ ಸರ್ಜನ್ ಬೇರೆ ಹೇಳಿದ್ರೆ ಅವರ ಮಾತೇ ಕೊನೆ.

ಈಗ ನಿಮ್ಮ ನಿಜವಾದ ಔಷಧಿ ನಡಿಗೆ. ಒಂದೇ ಸಲ ಒಂದು ಗಂಟೆ ನಡೆಯೋದಕ್ಕಿಂತ ಹತ್ತು ಹದಿನೈದು ನಿಮಿಷದ ಹಾಗೆ ದಿನಕ್ಕೆ ನಾಲ್ಕು ಸಲ ನಡೆಯೋದು ವಾಸಿ. ಪ್ರತಿ ವಾರ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಕೂರೋದು ನಿಲ್ಲೋದಕ್ಕಿಂತ ಕಷ್ಟ ಅನ್ನಿಸುತ್ತೆ, ಕೂತಾಗ ಡಿಸ್ಕಿನ ಭಾಗದ ಮೇಲೆ ಒತ್ತಡ ಜಾಸ್ತಿ. ಒಂದು ಸಲಕ್ಕೆ 20ರಿಂದ 30 ನಿಮಿಷ ಸಾಕು, ಆಮೇಲೆ ಎದ್ದು ನಾಲ್ಕು ಹೆಜ್ಜೆ ಹಾಕಿ. ತಗ್ಗಾದ ಸೋಫಾ ಬೇಡ. ಕೈ ಇರೋ ಗಟ್ಟಿ ಕುರ್ಚಿ, ಮಂಡಿಗಿಂತ ಸೊಂಟ ಒಂದು ಚೂರು ಮೇಲಿರೋ ಹಾಗೆ.

ಹಾಸಿಗೆಯಿಂದ ಏಳುವಾಗ ನೆಟ್ಟಗೆ ಮುಂದಕ್ಕೆ ಎದ್ದು ಕೂರಬೇಡಿ. ಮಂಡಿ ಮಡಚಿ, ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ಮರದ ದಿಮ್ಮಿ ಉರುಳಿದ ಹಾಗೆ ಮಗ್ಗುಲಿಗೆ ತಿರುಗಿ, ಕಾಲು ಕೆಳಗೆ ಬಿಡ್ತಾ ಕೈ ಊರಿ ಏಳಿ. ರಾತ್ರಿ ಮಗ್ಗುಲಲ್ಲಿ ಮಲಗಿದ್ರೆ ಮಂಡಿಗಳ ಮಧ್ಯೆ ದಿಂಬು.

ಭಾರದ ವಿಷಯಕ್ಕೆ ಬಂದ್ರೆ, ಮೊದಲ ಆರು ವಾರ ಎರಡು, ಹೆಚ್ಚೆಂದರೆ ಮೂರು ಕೆ.ಜಿ. ಅಂದ್ರೆ ನಂದಿನಿ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ ನಾಲ್ಕು. ತುಂಬಿದ ಬಕೆಟ್, ಕ್ಯಾನು, ಸಿಲಿಂಡರ್ ಲೆಕ್ಕಕ್ಕೇ ಬರಲ್ಲ. ಗ್ಯಾಸೇ 14.2 ಕೆ.ಜಿ., ಕಬ್ಬಿಣ ಸೇರಿ ಹತ್ತಿರ ಹತ್ತಿರ 30. ಅದನ್ನ ಜರುಗಿಸೋದೂ ಬೇಡ. ಸೊಂಟದ ಬೆಲ್ಟ್ ಕೊಟ್ಟಿದ್ರೆ ಹೇಳಿದಷ್ಟು ಕಾಲ ಹಾಕಿ. ಬೆಲ್ಟ್ ಹಾಕಿದೀನಲ್ಲ ಅಂತ ಭಾರ ಎತ್ತೋಕೆ ಹೋಗಬೇಡಿ.

ಒಂದು ಮುಖ್ಯವಾದ ಮಾತು. ನೋವು ಅಂತ ಮೆಡಿಕಲ್ ಶಾಪಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ನೀವೇ ತಗೊಂಡು ನುಂಗಬೇಡಿ. ಆ ಗುಂಪಿನ ಮಾತ್ರೆಗಳು ಮೂಳೆ ಕೂಡೋದನ್ನ ತಡ ಮಾಡಬಹುದು ಅಂತ ಎಷ್ಟೋ ಸರ್ಜನ್‌ಗಳು ಮೊದಲ ತಿಂಗಳುಗಳಲ್ಲಿ ಬೇಡ ಅಂತಾರೆ. ಕೇಳಿಯೇ ತಗೊಳ್ಳಿ.

ಇನ್ನು ಇವು ಕಂಡರೆ ಇಲ್ಲಿ ಪ್ರಶ್ನೆ ಹಾಕ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ: ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪೋದು, ತೊಡೆಸಂದು ಮರಗಟ್ಟೋದು, ಪಾದ ಎತ್ತೋಕಾಗದೆ ಎಳೆಯೋದು, ಜ್ವರ, ಗಾಯದಿಂದ ಕೀವು ಅಥವಾ ನೀರು, ಒಂದು ಮೀನಖಂಡ ಊದಿ ನೋಯೋದು, ಎದೆನೋವು, ಉಸಿರುಕಟ್ಟೋದು.

ಮಲ್ಲೇಶ್ವರಂ ಅಜ್ಜಿ · ನವೆಂಬರ್ 20, ಸಂಜೆ 5:30

ನೋಡಮ್ಮ ಟೀಚರ್, ನನಗೆ 66. ಎರಡು ಲೆವೆಲ್ ಫ್ಯೂಷನ್, ಅಂದ್ರೆ ಮೂರು ಮೂಳೆ ಸೇರಿಸಿದ್ದು, ಆಗಿ ಐದು ವರ್ಷ ಆಯ್ತು. ಡಾಕ್ಟರ್ ಹೇಳದ ಅಡುಗೆಮನೆ ವಿಷಯ ನಾನು ಹೇಳ್ತೀನಿ.

ಮೊದಲು ಕಟ್ಟೆಯ ಕೆಳಗಿರೋದನ್ನೆಲ್ಲ ಮೇಲಕ್ಕೆ ತರಿಸು. ದಿನಾ ಬೇಕಾದ ಪಾತ್ರೆ, ಬೇಳೆ ಡಬ್ಬ, ಎಣ್ಣೆ, ಹುಣಸೆಹಣ್ಣು ಎಲ್ಲ ಸೊಂಟದಿಂದ ಭುಜದ ಎತ್ತರದೊಳಗೆ ಇರ್ಲಿ. ಅಟ್ಟದ ಮೇಲಿಂದಲೂ ತೆಗೀಬೇಡ. ಕೈ ಮೇಲೆತ್ತಿ ಎಳೆದ್ರೂ ಬೆನ್ನಿಗೆ ಒಂದೇ. ಐದು ಲೀಟರ್ ಕುಕ್ಕರ್ ಬದಿಗಿಟ್ಟು ಎರಡೋ ಮೂರೋ ಲೀಟರಿಂದು ಉಪಯೋಗಿಸು. ಪಾತ್ರೆ ಒಲೆ ಮೇಲಿಟ್ಟು ಆಮೇಲೆ ಚೊಂಬಲ್ಲಿ ನೀರು ಹಾಕು, ತುಂಬಿದ್ದನ್ನ ಎತ್ತಬೇಡ.

ನಿಂತು ಹೆಚ್ಚುವಾಗ ಕಾಲ ಕೆಳಗೆ ಒಂದು ಮಣೆ ಇಟ್ಕೋ. ಐದು ನಿಮಿಷ ಬಲಗಾಲು ಮಣೆ ಮೇಲೆ, ಐದು ನಿಮಿಷ ಎಡಗಾಲು. ಇಷ್ಟರಲ್ಲೇ ಸೊಂಟಕ್ಕೆ ಎಷ್ಟು ಹಾಯಾಗುತ್ತೆ ನೋಡು. ಸಿಂಕ್ ತುಂಬಾ ಆಳ ಇದ್ರೆ ಒಳಗೆ ಒಂದು ಬೇಸಿನ್ ಬೋರಲು ಹಾಕಿ ಅದರ ಮೇಲೆ ಪಾತ್ರೆ ಇಟ್ಟು ತೊಳಿ, ಲೋಟ ತಟ್ಟೆ ಮಾತ್ರ. ಕುಕ್ಕರು, ಬಾಣಲೆ ಮನೆಯವರು ತೊಳೀಲಿ.

ಮುದ್ದೆ ತೊಳಸೋದು ಮೂರು ತಿಂಗಳು ಸುತರಾಂ ಬೇಡ. ಪಾತ್ರೆ ಒತ್ತಿ ಹಿಡ್ಕೊಂಡು ಕೋಲು ತಿರುವೋದರಲ್ಲಿ ಬೆನ್ನು ಪೂರ್ತಿ ತಿರುಚುತ್ತೆ. ನಾನು ಎರಡನೇ ತಿಂಗಳಲ್ಲಿ ಒಂದು ದಿನ ತೊಳಸಿ ಮೂರು ದಿನ ಹಾಸಿಗೆ ಹಿಡಿದಿದ್ದೆ. ನೆಲ ಒರೆಸೋದು, ಗುಡಿಸೋದು, ಬಟ್ಟೆ ಹಿಂಡೋದು, ರುಬ್ಬೋ ಗ್ರೈಂಡರ್ ಕಲ್ಲು ತೆಗೆಯೋದು, ಇವೆಲ್ಲ ಅದೇ ಜಾತಿ. ಒಣಗಿಸೋದಾದ್ರೆ ಬಕೆಟ್ಟನ್ನ ಸ್ಟೂಲ್ ಮೇಲೆ ಇಡಿಸಿಕೊಂಡು ಒಂದೊಂದೇ ಸಣ್ಣ ಬಟ್ಟೆ ಹರವು.

ಸ್ನಾನಕ್ಕೆ ಮಣೆ ಮೇಲೆ ಕೂರಬೇಡ. ಜಾರದ ಚಾಪೆ ಹಾಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿ, ಬಕೆಟ್ಟೂ ಸ್ಟೂಲ್ ಮೇಲೇ ಇರ್ಲಿ. ತಲೆಗೆ ಎರೆಯೋಕೆ ಬೇರೆಯವರು ಇರಬೇಕು, ನೀನು ಕತ್ತು ಸೊಂಟ ಬಗ್ಗಿಸದೆ ನೆಟ್ಟಗೆ ಕೂತಿರಬೇಕು. ನನ್ನ ಸೊಸೆ ಎರೆದಳು. ಮೂವತ್ತು ವರ್ಷದ ಮೇಲೆ ಇನ್ನೊಬ್ಬರ ಕೈಲಿ ತಲೆಗೆ ನೀರು ಹಾಕಿಸ್ಕೊಂಡೆ. ಆವತ್ತಿಂದ ನಮ್ಮಿಬ್ಬರ ನಡುವಿನ ಬಿಗಿ ಅರ್ಧ ಸಡಿಲ ಆಯ್ತು, ನಿಜ ಹೇಳ್ತೀನಿ.

ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ರೆ ಅದರ ಮೇಲೆ ಇಡೋ ಕುರ್ಚಿ ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತೆ. ಈ ನೋವಿನ ಮಾತ್ರೆಗೆ ಮಲಬದ್ಧತೆ ಆಗೇ ಆಗುತ್ತೆ, ಮುಕ್ಕಿದ್ರೆ ಬೆನ್ನಿಗೆ ಪೆಟ್ಟು. ಪಪ್ಪಾಯಿ, ಸೊಪ್ಪು, ಜಾಸ್ತಿ ನೀರು. ಸಾಲದಿದ್ರೆ ಡಾಕ್ಟರನ್ನ ಕೇಳಿ ಇಸಬ್‌ಗೋಲ್.

ದೇವರಿಗೆ ನಿಂತೇ ಕೈ ಮುಗಿ. ಅಡ್ಡಬೀಳದಿದ್ರೆ ಅವನು ಬೇಸರ ಮಾಡ್ಕೊಳಲ್ಲ.

ಬಸವನಗುಡಿ ಟೀಚರ್ · ನವೆಂಬರ್ 20, ರಾತ್ರಿ 8:15

ಅಜ್ಜಿ, ನಿಮ್ಮ ಬರಹ ನಮ್ಮತ್ತೆಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಎದ್ದು ಹೋಗಿ ತಮ್ಮ ಪೂಜೆಯ ಮಣೆ ತಂದು ಕಟ್ಟೆ ಕೆಳಗಿಟ್ಟರು.

ಹುಬ್ಬಳ್ಳಿ ಅಣ್ಣಾ, ನಿಮ್ಮ ಕಷ್ಟ ಓದಿ ಮನಸ್ಸಿಗೆ ಬಹಳ ಆಯ್ತು. ಹೀಗೆ ಬಿಚ್ಚಿ ಹೇಳಿದ್ದಕ್ಕೆ ಉಪಕಾರ ಆಯ್ತು. ಪರಿಷೆ ಕೈಬಿಟ್ಟೆ.

ಶ್ರೀನಗರ ವೆಂಕಿ · ನವೆಂಬರ್ 21, ಬೆಳಗ್ಗೆ 9:05

ನಮ್ಮ ಊರ ಕಡೆ ಮೂಳೆಗೆ ನಾಟಿ ಎಣ್ಣೆ ಹಾಕಿ ನೀವ್ತಾರೆ, ಬೇಗ ಕೂಡಿಕೊಳ್ಳುತ್ತೆ ಅಂತಾರೆ. ಮೇಡಂ ಒಂದು ಸಲ ಮಾಡಿಸಿ ನೋಡಬಹುದಲ್ವಾ?

ಜಯನಗರ ಫಿಸಿಯೋ · ನವೆಂಬರ್ 21, ಬೆಳಗ್ಗೆ 9:40

ವೆಂಕಿ ಸರ್, ಒಳ್ಳೇ ಮನಸ್ಸಿಂದಲೇ ಹೇಳಿದೀರಿ, ಆದ್ರೆ ದಯವಿಟ್ಟು ಬೇಡ. ಗಾಯ ಆರದೆ ಎಣ್ಣೆ ಹಾಕಿದ್ರೆ ಸೋಂಕು ಒಳಗೆ ಸ್ಕ್ರೂವರೆಗೂ ಇಳಿಯಬಹುದು. ಸೋಂಕು ಲೋಹಕ್ಕೆ ಅಂಟಿಕೊಂಡ್ರೆ ಬಿಡಿಸೋದು ಬಹಳ ಕಷ್ಟ. ಇನ್ನು ಬೆನ್ನು ಒತ್ತಿ ನೀವೋದು, ಲಟಿಗೆ ತೆಗೆಯೋದು ಫ್ಯೂಷನ್ ಆದ ಜಾಗದಲ್ಲಿ ಯಾವತ್ತಿಗೂ ಬೇಡ. ಸಕ್ಕರೆ ಕಾಯಿಲೆ ಇದ್ರೆ ಹಿಡಿತದಲ್ಲಿಡೋದು, ವಿಟಮಿನ್ ಡಿ ಕಡಿಮೆ ಇದೆಯಾ ಅಂತ ನೋಡಿಸೋದು, ಊಟದಲ್ಲಿ ಬೇಳೆ, ಮೊಟ್ಟೆ, ಹಾಲು, ರಾಗಿ. ಮೂಳೆಗೆ ಬೇಕಾದ್ದು ಇದು.

ಐಟಿ ಹುಡುಗ ವೈಟ್‌ಫೀಲ್ಡ್ · ನವೆಂಬರ್ 23, ರಾತ್ರಿ 11:20

ಅಕ್ಕ, ಓಡಾಟದ ಬಗ್ಗೆ ನಾನು ಹೇಳ್ತೀನಿ. ನನಗೆ 34, ಆಪರೇಷನ್ ಆಗಿ ಒಂದೂವರೆ ವರ್ಷ.

ಏಳನೇ ವಾರದಿಂದ ಮನೆಯಿಂದಲೇ ದಿನಕ್ಕೆ ಎರಡು ಗಂಟೆ ಕೆಲಸ ಶುರು ಮಾಡಿದೆ. ಲ್ಯಾಪ್‌ಟಾಪನ್ನ ಅಡುಗೆಮನೆ ಕಟ್ಟೆ ಮೇಲಿಟ್ಟು ಅರ್ಧ ಹೊತ್ತು ನಿಂತು, ಅರ್ಧ ಹೊತ್ತು ಕೂತು. ಆಫೀಸಿಗೆ ಹೋಗಿದ್ದು ಮೂರನೇ ತಿಂಗಳಿಗೆ. ಆಗಲೂ ಮೆಟ್ರೋದಲ್ಲೇ. ಅದು ಕುಲುಕಲ್ಲ, ಸ್ಟೇಷನ್ನಲ್ಲಿ ಲಿಫ್ಟ್ ಇದೆ. ನಿಮಗೆ ನ್ಯಾಷನಲ್ ಕಾಲೇಜು ಸ್ಟೇಷನ್ ಹತ್ರ ಆಗುತ್ತೆ ಅನ್ಸುತ್ತೆ. ಹೊರಗೆ ಗಾಯ ಕಾಣಲ್ಲವಲ್ಲ, ವಯಸ್ಸಾದವರ ಸೀಟ್ ಕೇಳೋಕೆ ನನಗೆ ಬಹಳ ಸಂಕೋಚ ಆಗ್ತಿತ್ತು. ಬೆಲ್ಟನ್ನ ಶರ್ಟಿನ ಮೇಲೆ ಹಾಕ್ಕೊಂಡು ಹೋದೆ, ಕೇಳದೇನೇ ಎದ್ದು ಕೊಟ್ಟರು. ಸೆಕ್ಯುರಿಟಿ ಗೇಟಲ್ಲಿ ಸ್ಕ್ರೂಗೆ ಇವತ್ತಿನವರೆಗೂ ಕೂಗಿಲ್ಲ. ಆದ್ರೂ ಡಿಸ್ಚಾರ್ಜ್ ಸಮ್ಮರಿ ಫೋಟೋ ಮೊಬೈಲಲ್ಲಿ ಇಟ್ಕೊಂಡಿರ್ತೀನಿ.

ಬಿಎಂಟಿಸಿಗೆ ಹತ್ತಲೇಬೇಕಾದ್ರೆ ಹನ್ನೊಂದು ಗಂಟೆ ಮೇಲೆ, ಮುಂದಿನ ಸೀಟಲ್ಲಿ. ಹಿಂದಿನ ಚಕ್ರದ ಮೇಲಿನ ಸೀಟು, ಕೊನೇ ಸೀಟು ಬೇಡವೇ ಬೇಡ. ಹಂಪ್ ಬಂದಾಗ ಬೆನ್ನು ಎತ್ತಿ ಕುಕ್ಕುತ್ತೆ. ಆಟೋಗಿಂತ ಕಾರು ವಾಸಿ. ಕಾರು ಹತ್ತುವಾಗ ಮೊದಲು ಬೆನ್ನು ಕೊಟ್ಟು ಸೀಟಲ್ಲಿ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಗೊಳ್ಳಿ. ಸೀಟಿನ ಮೇಲೆ ಪ್ಲಾಸ್ಟಿಕ್ ಕವರ್ ಹಾಸಿದ್ರೆ ತಿರುಗೋದು ಸಲೀಸು.

ಓಡಿಸೋ ವಿಷಯ: ಕಾರಿಗೆ ಆರು ವಾರ ಆದ್ಮೇಲೆ ಡಾಕ್ಟರ್ ಒಪ್ಪಿದ್ರು. ಟ್ರಮಡಾಲ್, ಪ್ರಿಗಾಬಲಿನ್ ಥರ ಮಂಪರು ತರೋ ಮಾತ್ರೆ ನಿಂತಿರಬೇಕು, ಗಕ್ಕನೆ ಬ್ರೇಕ್ ತುಳಿಯೋಷ್ಟು ಕಾಲಲ್ಲಿ ಬಲ ಇರಬೇಕು ಅಂತ ಹೇಳಿದ್ರು. ಸ್ಕೂಟರಿಗೆ ನಾಲ್ಕು ತಿಂಗಳು ಬಿಟ್ಟೆ. ನಮ್ಮ ರಸ್ತೆ ಗುಂಡಿ ಗೊತ್ತಲ್ಲ, ಹಿಂದೆ ಕೂರೋದೂ ಅಷ್ಟೇ ಅಪಾಯ.

ಹೆಸರು ಬೇಡ · ನವೆಂಬರ್ 24, ರಾತ್ರಿ 12:35

ಕೇಳೋಕೆ ಮುಜುಗರ. ನನಗೆ ಆಪರೇಷನ್ ಆಗಿ ಎರಡು ತಿಂಗಳು. ಗಂಡ ಹೆಂಡತಿ ಒಟ್ಟಿಗೆ ಇರೋದು ಯಾವಾಗಿಂದ ಸರಿ? ಡಾಕ್ಟರ್ ಮುಂದೆ ಬಾಯಿ ಬರಲಿಲ್ಲ.

ಜಯನಗರ ಫಿಸಿಯೋ · ನವೆಂಬರ್ 24, ಬೆಳಗ್ಗೆ 8:00

ಇದೂ ದಿನನಿತ್ಯದ ಬದುಕಿನದೇ ಮಾತು, ಮುಜುಗರ ಬೇಡ. ಗಾಯ ಆರಿ, ಆರಾಮಾಗಿ ನಡೆದಾಡೋಕೆ ಆಗ್ತಿದ್ರೆ ಸಾಮಾನ್ಯವಾಗಿ ಆರರಿಂದ ಎಂಟು ವಾರದ ಮೇಲೆ ತೊಂದರೆ ಇಲ್ಲ ಅಂತಾರೆ. ಆಪರೇಷನ್ ಆದವರು ಬೆನ್ನ ಮೇಲೆ ಮಲಗಿ, ಮಂಡಿ ಕೆಳಗೆ ದಿಂಬು ಇಟ್ಕೊಂಡು, ಶ್ರಮ ಇನ್ನೊಬ್ಬರಿಗೆ ಬಿಡಬೇಕು. ಅಥವಾ ಇಬ್ಬರೂ ಮಗ್ಗುಲಲ್ಲಿ. ಬೆನ್ನು ಬಿಲ್ಲಿನ ಹಾಗೆ ಬಾಗಬಾರದು. ನೋವು ಬಂದ್ರೆ ಅಲ್ಲಿಗೇ ನಿಲ್ಲಿಸಿ. ಮುಂದಿನ ಸಲ ಡಾಕ್ಟರ್ ಹತ್ರ ಧೈರ್ಯವಾಗಿ ಕೇಳಿ, ಅವರಿಗೆ ಇದು ದಿನಾ ಕೇಳೋ ಪ್ರಶ್ನೆ.

ಬಸವನಗುಡಿ ಟೀಚರ್ · ಡಿಸೆಂಬರ್ 11, ರಾತ್ರಿ 9:10

ಎಂಟು ವಾರ ಆಯ್ತು. ಆರನೇ ವಾರದ ಎಕ್ಸ್‌ರೇಯಲ್ಲಿ ಸ್ಕ್ರೂ ಎಲ್ಲ ಇದ್ದ ಜಾಗದಲ್ಲೇ ಇವೆ. ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗ್ಗೆ 25 ನಿಮಿಷ, ಸಂಜೆ 25 ನಿಮಿಷ ನಡೀತೀನಿ.

ಆದ್ರೆ ಮನಸ್ಸು ಕುಗ್ಗಿದೆ. ಮನೆಯವರು ಅಡುಗೆ ಮಾಡ್ತಾರೆ, ಮಗ ನೆಲ ಒರೆಸ್ತಾನೆ, 74 ವರ್ಷದ ಅತ್ತೆ ನನ್ನ ಕಾಲಿಗೆ ಚಪ್ಪಲಿ ಸರಿಮಾಡಿ ಇಡ್ತಾರೆ. ನೋಡಲಾಗದೆ ಒಳಗೆ ಹೋಗ್ಬಿಡ್ತೀನಿ. ಎಡಗಾಲಿನ ಹೆಬ್ಬೆರಳು ಇನ್ನೂ ಜೋಮು. ರಾತ್ರಿ ಒಬ್ಬಳೇ ಎಚ್ಚರ ಇರ್ತೀನಿ. ಇದೆಲ್ಲ ಆಗುತ್ತಾ ಎಲ್ಲರಿಗೂ?

ಪೀಣ್ಯ ಮೆಷಿನಿಸ್ಟ್ · ಡಿಸೆಂಬರ್ 11, ರಾತ್ರಿ 10:45

ಅಕ್ಕ, ನನಗಲ್ಲ, ನನ್ನ ಹೆಂಡತಿಗೆ ಆಗಿದ್ದು ಆಪರೇಷನ್. ನೋಡಿಕೊಂಡವನ ಕಡೆಯಿಂದ ಎರಡು ಮಾತು.

ಎರಡನೇ ತಿಂಗಳಲ್ಲಿ ಇವಳೂ ಹೀಗೇ ಆಗಿದ್ಲು. ಬಂದವರೆಲ್ಲ "ಚೆನ್ನಾಗೇ ಇದೀಯಲ್ಲ" ಅನ್ನೋರು. ಬಾಗಿಲು ಹಾಕಿದ ಮೇಲೆ ಅಳೋಳು. ನಾನು ಮೊದಲು ಎಲ್ಲ ಕೆಲಸ ನಾನೇ ಮಾಡ್ತೀನಿ, ನೀನು ಮಲಗು ಅಂತಿದ್ದೆ. ಅದು ತಪ್ಪು ಅಂತ ಆಮೇಲೆ ಗೊತ್ತಾಯ್ತು. ಮನೆ ತನ್ನ ಕೈ ಬಿಟ್ಟುಹೋಯ್ತು ಅಂತ ಅವಳಿಗೆ ಅನ್ನಿಸ್ತಿತ್ತು. ಆಮೇಲೆ ಅವಳೇ ಮಾಡಬಹುದಾದ್ದು ಅವಳಿಗೇ ಬಿಟ್ಟೆ: ಹಾಲು ಕಾಯಿಸೋದು, ಸೊಪ್ಪು ಬಿಡಿಸೋದು, ಚೀಟಿ ಲೆಕ್ಕ, ದೊಡ್ಡ ಮಗುಗೆ ಹೋಮ್‌ವರ್ಕ್. ಎರಡು ವರ್ಷದ ಮಗ ಎತ್ಕೋ ಅಂತ ಅಳೋನು. ಅವಳು ಕುರ್ಚಿ ಮೇಲೆ ಕೂತ ಮೇಲೆ ನಾನು ಎತ್ತಿ ತೊಡೆ ಮೇಲೆ ಕೂರಿಸ್ತಿದ್ದೆ. ಅಮ್ಮ ಕೂತರೆ ಮಾತ್ರ ಸಿಗ್ತಾಳೆ ಅಂತ ಅವನೂ ಒಂದೇ ವಾರದಲ್ಲಿ ಕಲಿತ.

ನಿಮ್ಮ ಮಗನಿಗೆ ಹೇಳಿ, ನೆಲ ಒರೆಸೋ ಹುಡುಗ ಹಾಳಾಗಲ್ಲ. ನಿದ್ದೆ ಬರದೆ ಇರೋದನ್ನ ಮಾತ್ರ ಡಾಕ್ಟರಿಗೆ ತಪ್ಪದೆ ತಿಳಿಸಿ. ಇವಳಿಗೆ ಅದಕ್ಕೂ ಸಹಾಯ ಸಿಕ್ಕಿತು.

ವಿಜಯನಗರ ಕಂಟ್ರಾಕ್ಟರ್ · ಡಿಸೆಂಬರ್ 12, ಬೆಳಗ್ಗೆ 7:15

ಜೋಮು ನನಗೂ ಎಂಟು ತಿಂಗಳು ಇತ್ತು ಮೇಡಂ. ಬಹಳ ದಿನ ಒತ್ತಿಹೋಗಿದ್ದ ನರ ತುಂಬಾ ನಿಧಾನವಾಗಿ ಚೇತರಿಸಿಕೊಳ್ಳುತ್ತೆ. ಹೆಚ್ಚಾಗ್ತಿದ್ರೆ ತೋರಿಸಿ, ಇದ್ದ ಹಾಗೇ ಇದ್ರೆ ಅಥವಾ ಕಮ್ಮಿ ಆಗ್ತಿದ್ರೆ ಕಾಯಿರಿ. ನನಗೆ ಕಿರುಬೆರಳಲ್ಲಿ ಸ್ವಲ್ಪ ಉಳಿದೇಬಿಟ್ಟಿದೆ, ಅದರಿಂದ ಕೆಲಸ ನಿಂತಿಲ್ಲ.

ಬಸವನಗುಡಿ ಟೀಚರ್ · ಜನವರಿ 16, ಸಂಜೆ 6:30

ಸಂಕ್ರಾಂತಿ ಶುಭಾಶಯಗಳು ಎಲ್ಲರಿಗೂ. ಮೂರು ತಿಂಗಳು ಆಯ್ತು. ಎಕ್ಸ್‌ರೇಯಲ್ಲಿ ಕೇಜಿನ ಸುತ್ತ ಮಂಜು ಕವಿದ ಹಾಗೆ ಬಿಳಿಯಾಗಿ ಕಾಣ್ತಿತ್ತು, ಹೊಸ ಮೂಳೆ ಅಂತ ಡಾಕ್ಟರ್ ಬೆರಳಿಟ್ಟು ತೋರಿಸಿದ್ರು. ಈಗ ಫಿಸಿಯೋ ಶುರು. ಅಂಗಾತ ಮಲಗಿ ಹೊಟ್ಟೆ ಒಳಗೆ ಎಳೆದು ಹಿಡಿಯೋದು, ಗೋಡೆಗೆ ಒರಗಿ ಅರ್ಧ ಕೂರೋದು, ಕೈ ಮಂಡಿ ಊರಿ ಒಂದು ಕೈ ಮುಂದೆ, ಎದುರು ಕಾಲು ಹಿಂದೆ ಚಾಚೋದು. ಸೂರ್ಯನಮಸ್ಕಾರ ಕೇಳಿದೆ, ಮುಂದಕ್ಕೆ ಬಾಗೋ ಆಸನ ಸದ್ಯಕ್ಕೆ ಇಲ್ಲ ಅಂದ್ರು.

ಪ್ರತಿ ವರ್ಷ ನೆಲದ ಮೇಲೆ ಪೇಪರ್ ಹಾಸಿ ಕೂತು ಕೊಬ್ಬರಿ ಬೆಲ್ಲ ಹೆಚ್ಚೋಳು ನಾನು. ಈ ಸಲ ಕಟ್ಟೆ ಹತ್ರ ಮಣೆ ಮೇಲೆ ಕಾಲಿಟ್ಟು ನಿಂತು, ದಿನಕ್ಕೆ ಇಪ್ಪತ್ತು ನಿಮಿಷದ ಹಾಗೆ ಒಂದು ವಾರ ಹೆಚ್ಚಿದೆ. ಅಚ್ಚುಬೆಲ್ಲ ಒಡೆಯೋದು ಮಗನ ಪಾಲಿಗೆ. ಮೊನ್ನೆ ಎಳ್ಳು ಬೀರೋಕೆ ಹನ್ನೊಂದು ಮನೆಗೆ ನಡೆದೇ ಹೋದೆ. ನಾಲ್ಕು ಮನೆ ಮಹಡಿ ಮೇಲೆ. ಕಂಬಿ ಹಿಡಿದು, ಒಳ್ಳೇ ಕಾಲು ಮೊದಲು ಹಾಕಿ ಹತ್ತಿದೆ, ಇಳಿಯುವಾಗ ಎಡಗಾಲು ಮೊದಲು. ಎಲ್ಲರೂ ಕೂರಿ ಕೂರಿ ಅಂತ ತಗ್ಗಾದ ಸೋಫಾ ತೋರಿಸಿದ್ರು, ನಾನು ಡೈನಿಂಗ್ ಟೇಬಲ್ ಕುರ್ಚಿ ಕೇಳಿ ಕೂತೆ. ಮೂರು ತಿಂಗಳ ಹಿಂದೆ ಆಗಿದ್ರೆ ಹಾಗೆ ಕೇಳೋ ಧೈರ್ಯ ಬರ್ತಿರಲಿಲ್ಲ.

ಸೋಮವಾರದಿಂದ ಸ್ಕೂಲು, ಮೊದಲ ಎರಡು ವಾರ ಅರ್ಧ ದಿನ. ಬೋರ್ಡಿನ ಕೆಳಗಿನ ಅರ್ಧದಲ್ಲಿ ಬರೆಯಲ್ಲ. ನೋಟ್‌ಬುಕ್ ರಾಶಿ ಮನೆಗೆ ತರಲ್ಲ, 40 ಪುಸ್ತಕ ಅಂದ್ರೆ ಭಾರ ಸಾಕಷ್ಟು ಆಗುತ್ತೆ, ಅಲ್ಲೇ ಕೂತು ತಿದ್ದಿ ಬರ್ತೀನಿ.

ಹುಬ್ಬಳ್ಳಿ ಟು ರಾಜಾಜಿನಗರ · ಜನವರಿ 16, ರಾತ್ರಿ 9:00

ಅಕ್ಕಾರ, ಓದಿ ಭಾಳ ಖುಷಿ ಆತು. ನಿಮ್ಮ ನೀರಿನ ಕ್ಯಾನ್ ಯಾರು ಎತ್ತತಾರ ಅಂತ ಇವತ್ತಿಗೂ ಕೇಳಬೇಕು ಅನಸ್ತೈತಿ.

ಬಸವನಗುಡಿ ಟೀಚರ್ · ಜನವರಿ 16, ರಾತ್ರಿ 9:20

ಮಗ ಎತ್ತುತ್ತಾನೆ ಅಣ್ಣ. ಅವನಿಲ್ಲದಿದ್ರೆ ಕ್ಯಾನ್ ಹಾಕೋ ಹುಡುಗನೇ ಒಳಗೆ ಬಂದು ಏರಿಸಿ ಹೋಗ್ತಾನೆ. ಕೇಳಿದ್ದಕ್ಕೆ ಒಂದು ದಿನವೂ ಇಲ್ಲ ಅಂದಿಲ್ಲ.

ಕೆ.ಆರ್.ಪುರಂ ಟೈಲರ್ · ಏಪ್ರಿಲ್ 14, ಬೆಳಗ್ಗೆ 11:10

ಎಲ್ಲಾ ಪೂರ್ತಿ ಓದಿದೆ. ನನಗೆ ಮುಂದಿನ ಗುರುವಾರ ಎಲ್-5 ಎಸ್-1 ಫ್ಯೂಷನ್. ಟೈಲರಿಂಗ್ ಮಾಡ್ತೀನಿ, ಗಂಡ ಲಾರಿ ಓಡಿಸ್ತಾರೆ, ತಿಂಗಳಲ್ಲಿ ಇಪ್ಪತ್ತು ದಿನ ಮನೇಲಿರಲ್ಲ. ಮಗಳು ಎಂಟನೇ ಕ್ಲಾಸ್. ಭಯ ಆಗ್ತಿದೆ. ಈ ಏಳೆಂಟು ದಿನದಲ್ಲಿ ಏನು ಮಾಡಿಟ್ಟುಕೊಳ್ಳಲಿ ಮೇಡಂ?

ಬಸವನಗುಡಿ ಟೀಚರ್ · ಏಪ್ರಿಲ್ 14, ಮಧ್ಯಾಹ್ನ 1:45

ಭಯ ಆಗೋದು ಸಹಜ ಅಮ್ಮ, ನನಗೂ ಆಗಿತ್ತು. ನಾಳೆಯಿಂದಲೇ ಮಗಳ ಜೊತೆ ಸೇರಿ ಕಟ್ಟೆ ಕೆಳಗಿನ ಸಾಮಾನೆಲ್ಲ ಮೇಲಿಡಿ. ಬಚ್ಚಲಿಗೆ ಜಾರದ ಚಾಪೆ, ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಟೂಲು ತನ್ನಿ. ಮಲಗೋದು ಕೆಳಗೆ ಚಾಪೆ ಮೇಲೆ ಆದ್ರೆ ಮಂಚ ಹೊಂದಿಸಿಕೊಳ್ಳಿ, ಬಾಡಿಗೆಗೂ ಸಿಗುತ್ತೆ. ನೆಲದಿಂದ ಏಳೋಕೆ ಆಗಲ್ಲ. ಮಗ್ಗುಲಿಗೆ ಉರುಳಿ ಏಳೋದನ್ನ ಈಗಲೇ ದಿನಕ್ಕೆ ಹತ್ತು ಸಲ ಅಭ್ಯಾಸ ಮಾಡಿ, ಆಪರೇಷನ್ ಆದ ಮಾರನೇ ದಿನ ಅದೇ ಕೈಹಿಡಿಯುತ್ತೆ. ಹಿಂದೆ ಪಟ್ಟಿ ಇರೋ, ಬಗ್ಗದೆ ಕಾಲು ತೂರಿಸೋ ಚಪ್ಪಲಿ ಒಂದು ಜೊತೆ. ಕೆಳಗೆ ಬಿದ್ದಿದ್ದನ್ನ ಎತ್ತೋ ಉದ್ದ ಕೈನ ಇಕ್ಕಳ ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತೆ, ನನ್ನದು ಅಡುಗೆಮನೆ ಬಾಗಿಲ ಮೊಳೆಗೆ ಇನ್ನೂ ನೇತಾಡ್ತಿದೆ. ಬೇಕಾದ್ರೆ ಅದನ್ನೇ ಕಳಿಸ್ತೀನಿ.

ಒಪ್ಪಿಕೊಂಡಿರೋ ಬಟ್ಟೆಗಳನ್ನ ಈ ವಾರ ರಾತ್ರಿಯೆಲ್ಲ ಕೂತು ಮುಗಿಸೋಕೆ ಹೋಗಬೇಡಿ. ಅರ್ಧ ವಾಪಸ್ ಕೊಟ್ಟುಬಿಡಿ. ಮಷೀನು ಕಾಲಲ್ಲಿ ತುಳಿಯೋದಾ, ಮೋಟರಿಂದಾ? ಯಾವಾಗ ಕೂರಬಹುದು ಅಂತ ಆಪರೇಷನ್‌ಗೆ ಮುಂಚೆನೇ ಸರ್ಜನ್ನರನ್ನ ಕೇಳಿ. ಮಷೀನ್ ಮುಂದೆ ಕೂತಿರೋ ಫೋಟೋ ಒಂದು ತೆಗೆಸಿಕೊಂಡು ಹೋಗಿ ತೋರಿಸಿ, ಬಾಯಲ್ಲಿ ಹೇಳೋದಕ್ಕಿಂತ ಅವರಿಗೆ ಸರಿಯಾಗಿ ಗೊತ್ತಾಗುತ್ತೆ.

ಗಂಡ ಊರಲ್ಲಿ ಇಲ್ಲದ ದಿನಗಳಿಗೆ ಯಾರು ಬರ್ತಾರೆ? ಮೊದಲ ಎರಡು ವಾರ ರಾತ್ರಿ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಮಗಳೊಬ್ಬಳ ಮೇಲೆ ಬಿಡಬೇಡಿ. ಅದನ್ನ ಮೊದಲು ಗೊತ್ತು ಮಾಡಿ, ಆಮೇಲೆ ಇಲ್ಲಿ ಬರೀರಿ. ನಾನು ಕಾಯ್ತಿರ್ತೀನಿ.

ಕೆ.ಆರ್.ಪುರಂ ಟೈಲರ್ · ಏಪ್ರಿಲ್ 14, ರಾತ್ರಿ 8:50

ಮೇಡಂ, ಚಿಂತಾಮಣಿಯಿಂದ ಅಕ್ಕ ಬರ್ತಾಳಂತೆ. ಒಂದು ತಿಂಗಳು ಇರ್ತೀನಿ ಅಂದ್ಲು. ಮಷೀನ್ ಕಾಲಲ್ಲಿ ತುಳಿಯೋದು. ಮಗಳು ಈಗ ಫೋಟೋ ತೆಗೆದ್ಲು.